ಭಾರತದ ಸೆರೆಮನೆಗಳಲ್ಲಿ ಜಾತಿ ಮತ್ತು ದುಡಿಮೆ

ಸೆರೆಮನೆಯ ಬಾಗಿಲನ್ನು ದಾಟಿದವನು ತನ್ನ ಹೊರಗಿನ ಗುರುತುಗಳನ್ನೆಲ್ಲ ಕಳೆದುಕೊಳ್ಳುವನೆಂಬುದು ಸಾಮಾನ್ಯವಾದ ನಂಬಿಕೆ. ಹೆಸರಿನ ಬದಲು ಸಂಖ್ಯೆ, ಸ್ವಂತ ಉಡುಪಿನ ಬದಲು ಸಮವಸ್ತ್ರ. ಅಪರಾಧಕ್ಕೆ ತಕ್ಕ ಶಿಕ್ಷೆ, ಶಿಕ್ಷೆಗೊಳಗಾದವರೆಲ್ಲರಿಗೂ ಒಂದೇ ನಿಯಮ ಎಂಬುದೇ ಆಧುನಿಕ ಕಾರಾಗೃಹದ ತಳಹದಿ. ಭಾರತದಲ್ಲಿ ಈ ತತ್ತ್ವಕ್ಕೆ ಕಾರಾಗೃಹದ ನಿಯಮಗಳಿಂದಲೇ ಹೇಗೆ ಭಂಗ ಬಂದಿತೆಂಬುದನ್ನು ಇಲ್ಲಿ ವಿವೇಚಿಸುತ್ತೇವೆ.

ಬ್ರಿಟಿಷರ ಆಡಳಿತದಲ್ಲಿ ಮೆಕಾಲೆಯ ಸಲಹೆಯಂತೆ ನೇಮಕವಾದ ಕಾರಾಗೃಹ ಶಿಸ್ತಿನ ಸಮಿತಿಯು ೧೮೩೮ರಲ್ಲಿ ತನ್ನ ವರದಿಯನ್ನೊಪ್ಪಿಸಿತು. ಕೈದಿಗಳನ್ನು ರಸ್ತೆಗಳಲ್ಲಿ ದುಡಿಸುವುದನ್ನು ಬಿಟ್ಟು, ಗೋಡೆಗಳ ಒಳಗೇ ಕಠಿಣವೂ ನೀರಸವೂ ಆದ ಕೆಲಸಕ್ಕೆ ಹಚ್ಚಬೇಕೆಂಬುದು ಅದರ ಅಭಿಪ್ರಾಯ. ಆ ಕಾಲದವರೆಗೆ ಅನೇಕ ಸೆರೆಮನೆಗಳಲ್ಲಿ ಕೈದಿಗಳು ತಮ್ಮ ಅಡುಗೆಯನ್ನು ತಾವೇ ಮಾಡಿಕೊಳ್ಳುತ್ತಿದ್ದರು. ೧೮೪೦ರ ದಶಕದಲ್ಲಿ ಬಂಗಾಳ ಪ್ರಾಂತ್ಯದಲ್ಲಿ ಸಾಮೂಹಿಕ ಅಡುಗೆಯ ಪದ್ಧತಿ ಬಂದಾಗ, ಜಾತಿ ಕೆಡುವುದೆಂಬ ಭಯದಿಂದ ಬಿಹಾರದ ಸೆರೆಮನೆಗಳಲ್ಲಿ ಪ್ರತಿಭಟನೆಗಳಾದವು. ೧೮೫೫ರಲ್ಲಿ ಕೈದಿಗಳ ಹಿತ್ತಾಳೆಯ ಚೊಂಬುಗಳನ್ನು ಕಿತ್ತುಕೊಂಡು ಮಣ್ಣಿನ ಪಾತ್ರೆಗಳನ್ನು ಕೊಟ್ಟುದೇ ಆರಾ ಮತ್ತು ಮುಜಫ್ಫರಪುರಗಳಲ್ಲಿ ಗಲಭೆಗೆ ಕಾರಣವಾಯಿತು. ಮೈಲಿಗೆಯಾದ ಹಿತ್ತಾಳೆಯನ್ನು ಬೆಳಗಿ ಶುದ್ಧಮಾಡಬಹುದು. ಮಣ್ಣಿನ ಪಾತ್ರೆಗೆ ಆ ಶುದ್ಧಿಯಿಲ್ಲ. ಮುಜಫ್ಫರಪುರದಲ್ಲಿ ಸುತ್ತಣ ಜನರೂ ಸೇರಿಕೊಳ್ಳಲು, ಅಧಿಕಾರಿಗಳು ಚೊಂಬುಗಳನ್ನು ಹಿಂದಿರುಗಿಸಬೇಕಾಯಿತು.

ಜಾತಿಯನ್ನು ಕೆಣಕದೆ ಸೆರೆಮನೆಯನ್ನು ನಡೆಸುವುದು ಸುಲಭವೆಂಬ ಪಾಠವನ್ನು ಆಡಳಿತವು ಇಂತಹ ಪ್ರಸಂಗಗಳಿಂದ ಕಲಿತಿತೆಂದು ಹೇಳಬಹುದು. ೧೮೯೪ರ ಕಾರಾಗೃಹ ಅಧಿನಿಯಮದ ಕಾಲದಲ್ಲಿಯೂ ಅನಂತರವೂ ಪ್ರಾಂತಗಳು ರಚಿಸಿದ ಕೈಪಿಡಿಗಳಲ್ಲಿ ಈ ರಾಜಿಯೇ ನಿಯಮದ ರೂಪವನ್ನು ತಾಳಿತು. ಸ್ವಾತಂತ್ರ್ಯಾನಂತರ ಕಾರಾಗೃಹವು ರಾಜ್ಯಗಳ ವಿಷಯವಾಗಿ ಉಳಿದುದರಿಂದ, ಹಳೆಯ ವಾಕ್ಯಗಳು ರಾಜ್ಯಗಳ ಕೈಪಿಡಿಗಳಲ್ಲಿ ಮುಂದುವರಿದವು. ಪಶ್ಚಿಮ ಬಂಗಾಳದ ನಿಯಮವು ಅಡುಗೆಗೆ ‘ತಕ್ಕ ಜಾತಿ’ಯ ಕೈದಿಗಳನ್ನು ಗೊತ್ತುಪಡಿಸಿ, ಕಸ ಗುಡಿಸುವವರನ್ನು ಯಾವ ಜಾತಿಗಳಿಂದ ಆರಿಸಬೇಕೆಂಬುದನ್ನು ಹೆಸರಿಸಿ ಹೇಳುತ್ತಿತ್ತು. ಉತ್ತರ ಪ್ರದೇಶದ ನಿಯಮದಂತೆ, ಸಾದಾ ಸಜೆಯ ಕೈದಿಯನ್ನು ಹೀನವೆನಿಸಿದ ಕೆಲಸಕ್ಕೆ ಹಚ್ಚಕೂಡದು. ಆದರೆ ಅಂತಹ ಕೆಲಸವು ‘ವಾಡಿಕೆಯಾಗಿರುವ’ ಸಮುದಾಯದವನಾದರೆ ಹಚ್ಚಬಹುದು.

ಈ ಕೊನೆಯ ನಿಯಮದ ಪರಿಣಾಮವನ್ನು ನಾವು ಎಚ್ಚರದಿಂದ ಗಮನಿಸಬೇಕು. ಒಂದೇ ಅಪರಾಧಕ್ಕಾಗಿ ಇಬ್ಬರಿಗೆ ನ್ಯಾಯಾಲಯವು ಒಂದೇ ಅವಧಿಯ ಸಾದಾ ಸಜೆಯನ್ನು ವಿಧಿಸಿತೆನ್ನೋಣ. ಸೆರೆಮನೆಯ ದಾಖಲೆಯ ಪುಸ್ತಕದಲ್ಲಿ ಜಾತಿಯ ಅಂಕಣವನ್ನು ತುಂಬಿದೊಡನೆ ಶಿಕ್ಷೆ ಎರಡಾಗುವುದು: ಒಬ್ಬನಿಗೆ ಬರಿಯ ಬಂಧನ, ಇನ್ನೊಬ್ಬನಿಗೆ ಬಂಧನದೊಡನೆ ಕಕ್ಕಸು ತೊಳೆಯುವ ಕೆಲಸ. ನ್ಯಾಯಾಧೀಶನು ವಿಧಿಸದ ಶಿಕ್ಷೆಯನ್ನು ಹುಟ್ಟು ವಿಧಿಸಿದಂತಾಯಿತು. ಒಬ್ಬನ ಮಡಿಗೆ ತೋರಿದ ದಾಕ್ಷಿಣ್ಯದ ಬೆಲೆಯನ್ನು ಮತ್ತೊಬ್ಬನು ತೆತ್ತನು.

ಪತ್ರಕರ್ತೆ ಸುಕನ್ಯಾ ಶಾಂತಾ ಅವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು ೨೦೨೪ರ ಅಕ್ಟೋಬರ್ ೩ರಂದು ಇಂತಹ ನಿಯಮಗಳನ್ನು ರದ್ದುಪಡಿಸಿತು. ಇವು ಸಮಾನತೆಯನ್ನು ಮಾತ್ರವಲ್ಲದೆ, ಅಸ್ಪೃಶ್ಯತೆಯನ್ನು ನಿಷೇಧಿಸುವ ಸಂವಿಧಾನದ ೧೭ನೆಯ ವಿಧಿಯನ್ನೂ ಬಲಾತ್ಕಾರದ ದುಡಿಮೆಯನ್ನು ನಿಷೇಧಿಸುವ ೨೩ನೆಯ ವಿಧಿಯನ್ನೂ ಉಲ್ಲಂಘಿಸುವುವೆಂದು ತೀರ್ಪಿತ್ತಿತು. ಕೈದಿಗಳ ದಾಖಲೆಗಳಿಂದ ಜಾತಿಯ ಅಂಕಣವನ್ನು ತೆಗೆದುಹಾಕಬೇಕೆಂದೂ, ಮೂರು ತಿಂಗಳೊಳಗಾಗಿ ಕೈಪಿಡಿಗಳನ್ನು ತಿದ್ದಬೇಕೆಂದೂ ಆಜ್ಞಾಪಿಸಿತು. ೨೦೧೬ರ ಮಾದರಿ ಕೈಪಿಡಿಯು ಜಾತಿಯ ಆಧಾರದ ಮೇಲೆ ಅಡುಗೆ ನಡೆಸುವುದನ್ನು ಆಗಲೇ ನಿಷೇಧಿಸಿದ್ದಿತು; ಆದರೆ ಮಾದರಿಯನ್ನು ಅಂಗೀಕರಿಸುವುದು ರಾಜ್ಯಗಳಿಗೆ ಬಿಟ್ಟ ವಿಷಯವಾದುದರಿಂದ ಹಳೆಯ ನಿಯಮಗಳು ಅಷ್ಟು ಕಾಲ ಬಾಳಿದವು.

ಕಾರಾಗೃಹವು ಸಮಾಜದಿಂದ ಬೇರ್ಪಟ್ಟ ಲೋಕವೆಂದು ಭಾವಿಸುವವರಿಗೆ ಈ ಇತಿಹಾಸವು ಬೇರೊಂದು ಸಂಗತಿಯನ್ನು ತಿಳಿಸುತ್ತದೆ. ಹೊರಗೆ ರೂಢಿಯಾಗಿದ್ದುದು ಅಲ್ಲಿ ಸರಕಾರದ ಲಿಖಿತ ಆಜ್ಞೆಯಾಗಿ ನೆಲೆನಿಂತಿತು. ಹೊರಗಿನವನು ರೂಢಿಯನ್ನು ಮುರಿದು ಊರು ಬಿಟ್ಟು ಹೋಗಬಹುದಾಗಿತ್ತು, ಕೈದಿಗೆ ಆ ದಾರಿಯೂ ಇರಲಿಲ್ಲ. ಅಂಕಣವನ್ನು ಅಳಿಸುವುದು ಅವಶ್ಯಕವಾದ ಮೊದಲ ಹೆಜ್ಜೆ. ಪೊರಕೆಯನ್ನು ಯಾರ ಕೈಗೆ ಕೊಡಲಾಗುತ್ತಿದೆಯೆಂಬುದನ್ನು ಪ್ರತಿಯೊಂದು ಸೆರೆಮನೆಯಲ್ಲಿಯೂ ಪರೀಕ್ಷಿಸಿ ನೋಡಿದಲ್ಲದೆ ತೀರ್ಪು ನೆರವೇರಿತೆಂದು ಹೇಳಲಾಗದು.