ಪುಣೆಯ ಶಾಲೆಗಳಲ್ಲಿ ಶಿಕ್ಷಕಿಯಾಗಬೇಕೆ? ಮೊದಲು ಕಾಗದಪತ್ರ ಸರಿ ಇರಲಿ

ಪುಣೆ: ಹೊಟೇಲು, ಬ್ಯಾಂಕು, ಕಾರ್ಖಾನೆಗಳ ಕೆಲಸ ಹಿಡಿದು ಪುಣೆಗೆ ಬಂದವರು ಹಿಂದಿನ ತಲೆಮಾರಿನ ಕನ್ನಡಿಗರು. ಈಗ ಧಾರವಾಡದಲ್ಲೋ ಉಡುಪಿಯಲ್ಲೋ ಬಿ.ಎಡ್. ಮುಗಿಸಿ, ಮದುವೆಯಾಗಿ ಕೊಥ್ರೂಡ್, ಹಡಪ್ಸರ್, ಪಿಂಪ್ರಿ-ಚಿಂಚ್‌ವಾಡ್ ಕಡೆ ನೆಲೆಸುವ ಹೆಣ್ಣುಮಕ್ಕಳು ಇಲ್ಲಿನ ಖಾಸಗಿ ಶಾಲೆಗಳ ಬಾಗಿಲು ತಟ್ಟುತ್ತಿದ್ದಾರೆ. ಮರಾಠಿ ಪತ್ರಿಕೆಯ 'ಪಾಹಿಜೇತ್' ಅಂಕಣ ನೋಡಿ ಅರ್ಜಿ ಹಾಕುವವರಿಗೆ ಊರಿನ ಪದವಿ ಇಲ್ಲಿ ಎಷ್ಟು ನಡೆಯುತ್ತದೆ ಎಂಬುದೇ ಮೊದಲ ಗೊಂದಲ.

ಬಿ.ಎಡ್. ಇದ್ದರೆ ಯಾವ ತರಗತಿಗೂ ಪಾಠ ಹೇಳಬಹುದೆಂಬ ನಂಬಿಕೆ ನಮ್ಮಲ್ಲಿ ಇನ್ನೂ ಇದೆ. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ನಂತರ ಅದು ನಿಜವಲ್ಲ. ಒಂದರಿಂದ ಐದನೇ ತರಗತಿಯವರೆಗೆ ಹೊಸದಾಗಿ ಸೇರುವವರಿಗೆ ಡಿ.ಎಡ್. ಮಾದರಿಯ ಪ್ರಾಥಮಿಕ ಶಿಕ್ಷಣ ಡಿಪ್ಲೊಮಾ ಬೇಕು. ಕರ್ನಾಟಕದಲ್ಲಿ ಪಡೆದ ಡಿಪ್ಲೊಮಾ ಅಥವಾ ಬಿ.ಎಡ್. ಎನ್‌ಸಿಟಿಇ ಮಾನ್ಯತೆ ಇದ್ದ ಕಾಲೇಜಿನದಾಗಿದ್ದರೆ ರಾಜ್ಯದ ಗಡಿ ದಾಟಿದ ಮಾತ್ರಕ್ಕೆ ಅದರ ಬೆಲೆ ಕಡಿಮೆಯಾಗುವುದಿಲ್ಲ.

ಅರ್ಹತಾ ಪರೀಕ್ಷೆಯ ಮಾತು ಬೇರೆ. ಊರಿನಲ್ಲಿ ಕರ್ನಾಟಕ ಟಿಇಟಿ ಪಾಸಾದವರು ಅದೇ ಸಾಕೆಂದು ಇಲ್ಲಿಗೆ ಬರುತ್ತಾರೆ. ಆದರೆ ಎನ್‌ಸಿಟಿಇ ಮಾರ್ಗಸೂಚಿಯಂತೆ ಅನುದಾನರಹಿತ ಖಾಸಗಿ ಶಾಲೆ ನೋಡುವುದು ಆಯಾ ರಾಜ್ಯದ ಟಿಇಟಿ, ಇಲ್ಲವೇ ಕೇಂದ್ರದ ಸಿಟಿಇಟಿ. ಎಲ್ಲಿಗೆ ವರ್ಗವಾಗುತ್ತೇವೋ ಗೊತ್ತಿಲ್ಲದ ಕುಟುಂಬಗಳಿಗೆ ಸಿಟಿಇಟಿಯೇ ಮೇಲು. ಒಟ್ಟು 150 ಅಂಕ, ಪಾಸಾಗಲು ಶೇ. 60, ಅಂದರೆ 90 ಅಂಕ. ಅದರ 20 ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ ಎಂಬುದು ನಮ್ಮವರಲ್ಲಿ ಅನೇಕರಿಗೆ ತಿಳಿಯದು. 2021ರ ನಿರ್ಧಾರದಂತೆ ಟಿಇಟಿ ಪ್ರಮಾಣಪತ್ರಕ್ಕೆ ಜೀವನಪರ್ಯಂತ ಮಾನ್ಯತೆ. ಹತ್ತು ವರ್ಷದ ಹಿಂದೆ ಪಾಸಾಗಿ, ಅವಧಿ ಮುಗಿಯಿತೆಂದು ಪೆಟ್ಟಿಗೆಯಲ್ಲಿ ಇಟ್ಟವರು ಅದನ್ನು ಹೊರತೆಗೆಯಬಹುದು.

ಈಗಾಗಲೇ ಕೆಲಸದಲ್ಲಿರುವವರಿಗೂ ಇದು ತಟ್ಟಿದೆ. ಎಂಟನೇ ತರಗತಿಯವರೆಗೆ ಕಲಿಸುವ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಅವಧಿ ಇರುವ ಶಿಕ್ಷಕರು ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕೆಂದು 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಹೇಳಿತು. ಆ ಪ್ರಕರಣ ಹೋದದ್ದೇ ಮಹಾರಾಷ್ಟ್ರದಿಂದ. ಅಲ್ಪಸಂಖ್ಯಾತ ಸಂಸ್ಥೆಗಳ ಪ್ರಶ್ನೆಯನ್ನು ಮಾತ್ರ ದೊಡ್ಡ ಪೀಠಕ್ಕೆ ಒಪ್ಪಿಸಲಾಯಿತು. ಮಹಾರಾಷ್ಟ್ರದಲ್ಲಿ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರಾದ್ದರಿಂದ ಇದು ನಮ್ಮ ಸಂಘ-ಸಂಸ್ಥೆಗಳೂ ಗಮನಿಸಬೇಕಾದ ವಿಷಯ.

ಮರಾಠಿ ಬಾರದೆ ನಡೆಯುವುದೇ? ಗಣಿತವನ್ನೋ ವಿಜ್ಞಾನವನ್ನೋ ಇಂಗ್ಲಿಷ್ ಮಾಧ್ಯಮದಲ್ಲಿ ಕಲಿಸುವವರಿಗೆ ತರಗತಿಯೊಳಗೆ ನಡೆಯುತ್ತದೆ. ಪಾಲಕರ ಸಭೆಯಲ್ಲಿ, ಕಚೇರಿಯ ಗುಮಾಸ್ತರ ಮುಂದೆ ನಡೆಯದು. 2020ರ ಕಾಯಿದೆಯಿಂದ ಎಲ್ಲ ಮಂಡಳಿಗಳ ಶಾಲೆಗಳಲ್ಲೂ ಮರಾಠಿ ಕಡ್ಡಾಯ ವಿಷಯವಾಗಿದೆ. ಉತ್ತರ ಕರ್ನಾಟಕದವರಿಗೆ ಆರು ತಿಂಗಳಲ್ಲಿ ನಾಲಿಗೆ ಹೊರಳುತ್ತದೆ. ಕರಾವಳಿಯವರು ಕೊಂಕಣಿ ಬಲ್ಲವರಾದರೆ ಅರ್ಧ ದಾರಿ ಬಂದಂತೆಯೇ.

ಕೆಲಸ ಸಿಕ್ಕ ಸಂತೋಷದಲ್ಲಿ ಮರೆತುಹೋಗುವುದು ನೇಮಕ ಪತ್ರ. ಮಹಾರಾಷ್ಟ್ರದಲ್ಲಿ ಖಾಸಗಿ ಶಾಲಾ ನೌಕರರಿಗೆಂದೇ 1977ರ ಸೇವಾ ಷರತ್ತು ಕಾಯಿದೆ ಇದೆ, 1981ರ ನಿಯಮಾವಳಿ ಇದೆ. ಅನುದಾನ ಇರಲಿ, ಇಲ್ಲದಿರಲಿ, ಮಾನ್ಯತೆ ಪಡೆದ ಖಾಸಗಿ ಶಾಲೆಗೆ ಅದು ಅನ್ವಯಿಸುತ್ತದೆ. ಕಾಯಂ ಹುದ್ದೆಗೆ ತೆಗೆದುಕೊಂಡರೆ ಪ್ರೊಬೇಷನ್ ಎರಡು ವರ್ಷ. ಇದನ್ನು ತಪ್ಪಿಸಲೆಂದೇ ಕೆಲವು ಕಡೆ ಜೂನ್‌ನಿಂದ ಏಪ್ರಿಲ್‌ವರೆಗೆ ಹನ್ನೊಂದು ತಿಂಗಳ ಪತ್ರ ಕೊಟ್ಟು, ಮತ್ತೆ ಜೂನ್‌ನಲ್ಲಿ ಹೊಸ ಪತ್ರ ಕೊಡುವ ಪದ್ಧತಿ ಇದೆ. ಹಾಗೆ ಏಳೆಂಟು ವರ್ಷ ದುಡಿದವರೂ ಕಾಗದದ ಮೇಲೆ ಹೊಸಬರೇ! ಗ್ರಾಚ್ಯುಯಿಟಿಗೆ ಐದು ವರ್ಷದ ಸತತ ಸೇವೆ ತೋರಿಸುವಾಗ ಅವರಿಗೆ ಇದರ ಬಿಸಿ ತಟ್ಟುತ್ತದೆ. ಶಿಕ್ಷಕರಿಗೂ ಗ್ರಾಚ್ಯುಯಿಟಿ ಸಲ್ಲಬೇಕೆಂದು 2009ರಲ್ಲಿ ತಂದ ತಿದ್ದುಪಡಿ 1997ರ ಏಪ್ರಿಲ್ 3ರಿಂದಲೇ ಅನ್ವಯವಾಗುವಂಥದ್ದು. 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ.

ಇನ್ನೊಂದು ರೂಢಿ ಇದಕ್ಕಿಂತ ಕೆಟ್ಟದು. ಖಾತೆಗೆ ಪೂರ್ತಿ ಸಂಬಳ ಜಮಾ ಮಾಡಿ, ಒಂದು ಭಾಗವನ್ನು ನಗದಾಗಿ ತಿರುಗಿ ಕೇಳುವುದು. ಪಾಸ್‌ಬುಕ್ ನೋಡಿದವರಿಗೆ ಎಲ್ಲ ನೆಟ್ಟಗೆ ಕಾಣುತ್ತದೆ. ಆದ್ದರಿಂದ ಕೈಗೆ ಎಷ್ಟು ಬರುತ್ತದೆ, ರಜೆಯ ತಿಂಗಳಿಗೆ ಸಂಬಳ ಉಂಟೇ, ಪಿ.ಎಫ್. ಕಟ್ಟುತ್ತಾರೆಯೇ ಎಂದು ಸಂದರ್ಶನದಲ್ಲೇ ಕೇಳುವುದರಲ್ಲಿ ನಾಚಿಕೆ ಬೇಡ.

ಅನುದಾನಿತ ಶಾಲೆಯ ಕಾಯಂ ಹುದ್ದೆ ಕೊಡಿಸುತ್ತೇನೆಂದು ಲಕ್ಷಗಳ ಮಾತಾಡುವ ದಲ್ಲಾಳಿಗಳ ವಿಷಯದಲ್ಲಂತೂ ಎಚ್ಚರ ಬೇಕೇ ಬೇಕು. ಆ ಹುದ್ದೆಗಳ ನೇಮಕ 2017ರಲ್ಲಿ ತಂದ 'ಪವಿತ್ರ' ಪೋರ್ಟಲ್ ಮತ್ತು ಅಭಿರುಚಿ ಪರೀಕ್ಷೆಯ ಮೂಲಕ ನಡೆಯುವ ವ್ಯವಸ್ಥೆ. ಮೊದಲ ಮೂರು ವರ್ಷ 'ಶಿಕ್ಷಣ ಸೇವಕ'ರಾಗಿ ದುಡಿಯಬೇಕು. ಅವರ ಗೌರವಧನವೂ 2023ರ ಜನವರಿಯಲ್ಲಿ ಏರಿದ ಮೇಲೆ ಪ್ರಾಥಮಿಕಕ್ಕೆ 16,000, ಮಾಧ್ಯಮಿಕಕ್ಕೆ 18,000 ರೂ. ಎಂದು ನಿಗದಿಯಾಯಿತು. ಅದಕ್ಕಾಗಿ ಒಡವೆ ಅಡವಿಡುವುದು ಯಾವ ಲೆಕ್ಕ? ಕರ್ನಾಟಕದ ಜಾತಿ ಪ್ರಮಾಣಪತ್ರಕ್ಕೂ ಇಲ್ಲಿ ಮೀಸಲಾತಿಯ ಲಾಭ ಸಿಗುವುದಿಲ್ಲ.

ಹೊರನಾಡಿಗೆ ಬಂದು ಪಾಠ ಹೇಳುವುದು ಕನ್ನಡಿಗರಿಗೆ ಹೊಸದೇನಲ್ಲ. 1930ರ ದಶಕದಲ್ಲಿ ವಿ.ಕೃ. ಗೋಕಾಕರು ಇದೇ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದರು. ಸೆರೆಮನೆವಾಸ, ನಿರುದ್ಯೋಗ ಎಲ್ಲವನ್ನೂ ಉಂಡ ಬೇಂದ್ರೆಯವರಿಗೆ ಸ್ಥಿರವಾದ ಅಧ್ಯಾಪಕ ವೃತ್ತಿ ಸಿಕ್ಕಿದ್ದು 1944ರಲ್ಲಿ, ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ, ನಲವತ್ತೆಂಟರ ವಯಸ್ಸಿಗೆ.

ಕನ್ನಡದಲ್ಲೇ ಕಲಿಸುವ ಆಸೆಯುಳ್ಳವರಿಗೆ ಪುಣೆ ಕನ್ನಡ ಸಂಘದ ಡಾ. ಕಲ್ಮಾಡಿ ಶಾಮರಾವ್ ಕನ್ನಡ ಶಾಲೆ ಇದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಕನ್ನಡ ಶಾಲೆಗಳಿವೆ. ಅವುಗಳ ಪಠ್ಯಪುಸ್ತಕವನ್ನು ಸಿದ್ಧಪಡಿಸುವ ಬಾಲಭಾರತಿ ಇರುವುದು ನಮ್ಮ ಸೇನಾಪತಿ ಬಾಪಟ್ ರಸ್ತೆಯಲ್ಲೇ. ಆದರೆ ಹುದ್ದೆಗಳು ಬೆರಳೆಣಿಕೆಯಷ್ಟು.

ಮೂಲ ಪ್ರಮಾಣಪತ್ರಗಳನ್ನು ತೋರಿಸಿ, ಝೆರಾಕ್ಸ್ ಮಾತ್ರ ಕೊಟ್ಟು ಬನ್ನಿ. ಬಿಡುವಾಗ ರಾಜೀನಾಮೆಯ ಎರಡು ಪ್ರತಿಗೂ ಸಹಿ, ದಿನಾಂಕ ಹಾಕಿ ಒಂದನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಬೇಕೆಂದು 1977ರ ಕಾಯಿದೆಯೇ ಹೇಳುತ್ತದೆ. ಸೇರುವ ದಿನವೇ ದಿನಾಂಕವಿಲ್ಲದ ರಾಜೀನಾಮೆಗೆ ಸಹಿ ಕೇಳಿದರೆ ಹಾಕಬೇಡಿ. ಕಾಯಿದೆ ಮೀರಿ ತೆಗೆದುಹಾಕಿದರೆ ಶಾಲಾ ನ್ಯಾಯಮಂಡಳಿಗೆ ಮೇಲ್ಮನವಿ ಹೋಗಲು ಇರುವ ಅವಧಿ ಮೂವತ್ತೇ ದಿನ.