ಜಾಯಮಾನ: ಊರಲ್ಲೊಂದು, ಹೌರಾದಲ್ಲೊಂದು

ಕನ್ನಡ ಪತ್ರಿಕೆ ತೆರೆದರೆ ಆಗಾಗ ಯಾರಾದರೊಬ್ಬ ರಾಜಕಾರಣಿ ‘ಹೆದರಿ ಓಡುವ ಜಾಯಮಾನ ನನ್ನದಲ್ಲ’ ಎಂದು ಗುಡುಗಿರುತ್ತಾರೆ. ಈ ಪದದ ಹಿಂದೆ ‘ಅಲ್ಲ’ವೋ ‘ಒಗ್ಗದು’ ಎಂಬುದೋ ಬಂದೇ ಬರುತ್ತದೆ. ‘ನನ್ನದು ಒಳ್ಳೆಯ ಜಾಯಮಾನ’ ಎಂದವರನ್ನು ನಾನಂತೂ ಕಂಡಿಲ್ಲ. ಹುಟ್ಟುಗುಣ, ಬದಲಾಗದ ಸ್ವಭಾವ ಎಂಬುದೇ ನಮ್ಮ ಅರ್ಥ.

ಹೌರಾದ ಶಿಬ್‌ಪುರದಲ್ಲಿ ನಮ್ಮ ಪಕ್ಕದ ಮನೆಯ ನಿವೃತ್ತ ಮಾಸ್ಟರ್ ಮೊಶಾಯ್ ಎದುರು ಒಮ್ಮೆ ಈ ಪದ ಎತ್ತಿದೆ. ‘ಗೊತ್ತಲ್ಲ, ಈಗಷ್ಟೇ ಹುಟ್ಟುತ್ತಿರುವುದು’ ಎಂದರು. ಪುಸ್ತಕದ ಬಂಗಾಳಿಯಲ್ಲಿ ಜಾಯಮಾನ ಎಂದರೆ ಇನ್ನೂ ಹುಟ್ಟುತ್ತಿರುವ, ರೂಪುಗೊಳ್ಳುತ್ತಿರುವ ಎಂದಂತೆ.

ವ್ಯಾಕರಣ ಅವರ ಕಡೆಗಿದೆ. ಸಂಸ್ಕೃತದ ‘ಜನ್’ ಧಾತುವಿಗೆ ಶಾನಚ್ ಪ್ರತ್ಯಯ ಸೇರಿ ಆದ ರೂಪ ಇದು. ಇಲ್ಲಿನ ‘ಮಾನ’ ಮರ್ಯಾದೆಯೂ ಅಲ್ಲ, ಅಳತೆಯೂ ಅಲ್ಲ. ಕೆಲಸ ಇನ್ನೂ ನಡೆಯುತ್ತಿದೆ ಎಂಬ ಗುರುತು. ಇದೇ ಅಚ್ಚಿನ ಪದಗಳು ನಮ್ಮಲ್ಲಿ ಇನ್ನೂ ಇವೆ. ಯಜ್ಞ ಮಾಡುತ್ತಿರುವವನು ಯಜಮಾನ, ನಮಗೆ ಮನೆಯೊಡೆಯ. ನಡೆಯುತ್ತಿರುವುದು ವರ್ತಮಾನ, ನಮಗೆ ಸುದ್ದಿಯೂ ಹೌದು. ಇರುತ್ತಿರುವುದು ವಿದ್ಯಮಾನ, ನಮಗೆ ನಡೆದುಹೋದ ಸಂಗತಿ! ಬ್ರಾಹ್ಮಣ ಮೂರು ಋಣ ಹೊತ್ತೇ ಹುಟ್ಟುತ್ತಾನೆಂದು ತೈತ್ತಿರೀಯ ಸಂಹಿತೆ ಹೇಳುವ ಕಡೆ ‘ಹುಟ್ಟುತ್ತಿರುವಾಗಲೇ’ ಎಂಬುದಕ್ಕೆ ಇರುವ ಪದವೂ ಜಾಯಮಾನವೇ. ಹುಟ್ಟುವಾಗಲೇ ಹೊತ್ತು ತಂದದ್ದು ಎಂಬ ನಮ್ಮ ಅರ್ಥಕ್ಕೆ ಅಲ್ಲಿಂದ ಬಹಳ ದೂರವಿಲ್ಲ ಎನಿಸುತ್ತದೆ.

ಹಾಗಾದರೆ ಹುಟ್ಟುಗುಣಕ್ಕೆ ಇಲ್ಲಿಯವರು ಏನೆನ್ನುತ್ತಾರೆ? ಸ್ವಭಾವ ಇದೆ, ಬಾಯಲ್ಲಿ ಅದು ‘ಶಭಾಬ್’. ಮನೆಮಾತಿನಲ್ಲಿ ‘ಧಾತ್’, ಎಂದರೆ ಆಯುರ್ವೇದದ ಸಪ್ತಧಾತುಗಳಲ್ಲಿರುವ ಧಾತು. ನಾವು ‘ಜಾಯಮಾನಕ್ಕೆ ಒಗ್ಗದು’ ಎನ್ನುವಲ್ಲಿ ಅವರು ‘ಧಾತೇ ಶಯ್ ನಾ’ ಎನ್ನುತ್ತಾರೆ. ನಾವು ಹುಟ್ಟನ್ನು ಹಿಡಿದೆವು, ಅವರು ಮೈಯನ್ನು. ಗಾದೆಯಲ್ಲಿ ಮಾತ್ರ ಇಬ್ಬರೂ ಮಸಣದಲ್ಲೇ ಸಿಗುತ್ತೇವೆ: ನಮ್ಮ ಹುಟ್ಟುಗುಣ ಸುಟ್ಟರೂ ಹೋಗದು, ಅವರ ಶಭಾಬ್ ಸತ್ತರೂ ಹೋಗದು.

ನನ್ನ ಮಗಳು ಹುಟ್ಟಿದ್ದು ಇಲ್ಲಿ. ಹೋದ ಸಲ ಊರಿಗೆ ಹೋದಾಗ ಸಾರು ಬದಿಗಿಟ್ಟು ಮೀನಿನ ಝೋಲ್ ಕೇಳಿದಳು. ‘ಇವಳ ಜಾಯಮಾನವೇ ಬೇರೆಯಾಯ್ತಲ್ಲೋ’ ಎಂದು ದೊಡ್ಡಮ್ಮ ನೊಂದುಕೊಂಡರು. ನನಗೂ ಚುಚ್ಚಿತು. ಆದರೆ ನಮ್ಮ ಅರ್ಥದ ಜಾಯಮಾನ ಬೇರೆ ‘ಆಗು’ವಂತಿಲ್ಲವಲ್ಲ! ದೊಡ್ಡಮ್ಮನ ಮಾತು ಮಾಸ್ಟರ್ ಮೊಶಾಯ್ ಹೇಳಿದ ಅರ್ಥದಲ್ಲಷ್ಟೇ ಸರಿಹೋಗುತ್ತದೆ.

ಮರುದಿನ ಬೆಳಿಗ್ಗೆ ದೊಡ್ಡಮ್ಮ ಕಾಫಿ ಲೋಟ ಚಾಚಿದಾಗ ಮಗಳು ಅಂದಳು: ‘ಬೇಡ ಅಜ್ಜಿ, ನನ್ನ ಧಾತಿಗೆ ಒಗ್ಗಲ್ಲ.’