ಎಸ್‌ಎಸ್‌ಎಲ್‌ಸಿ ಆಯ್ತು, ಮನಸ್ಸು ಲಾಯದ ಕಡೆಗೆ

ಜಂಬೂಸವಾರಿಯಲ್ಲಿ ಅಶ್ವಾರೋಹಿ ದಳ ಸಾಗುವಾಗ ಮೈ ಜುಮ್ಮೆಂದಿದೆಯಾ? ಕುದುರೆ ಜೊತೆಗೇ ಬದುಕಬೇಕು ಅನ್ನಿಸಿದೆಯಾ? ಮೈಸೂರಿನಲ್ಲಿ ಅದಕ್ಕೆ ದಾರಿ ಇದೆ.

ಚಾಮುಂಡಿ ಬೆಟ್ಟದ ತಪ್ಪಲಲ್ಲಿ ರೇಸ್ ಕ್ಲಬ್, 1891ರಲ್ಲಿ ಶುರುವಾದದ್ದು. ರೇಸಿನಲ್ಲಿ ಕುದುರೆ ಓಡಿಸೋ ಜಾಕಿ ಎಲ್ಲರ ಕಣ್ಣಿಗೂ ಬೀಳ್ತಾರೆ. ಆದರೆ ಮೈತೂಕ 50 ಕೆ.ಜಿ. ಆಸುಪಾಸಿನಲ್ಲೇ ಇರಬೇಕು, ಬೀಳೋ ಅಪಾಯವೂ ನಿಜ.

ಕುದುರೆಯನ್ನು ದಿನವಿಡೀ ನೋಡಿಕೊಳ್ಳೋದು ಸೈಸ್. ಬೆಳಕು ಹರಿಯೋ ಮುಂಚೆ ಲಾಯಕ್ಕೆ ಬಂದು, ಮೇವು ಹಾಕಿ, ಒಂದೊಂದೇ ಕಾಲೆತ್ತಿ ಗೊರಸಿನ ಸಂದಿಯ ಮಣ್ಣು ಕೆರೆದು ತೆಗೀತಾರೆ. ಅಲ್ಲಿ ಸಿಕ್ಕಿಕೊಂಡ ಒಂದು ಸಣ್ಣ ಕಲ್ಲು ಸಾಕು, ಕುದುರೆ ಕುಂಟೋಕೆ. ನನ್ನ ಮಟ್ಟಿಗೆ ಕುದುರೆವಿದ್ಯೆ ಶುರುವಾಗೋದೇ ಇಲ್ಲಿ. ಸಂಬಳ ದೊಡ್ಡದಲ್ಲ, ಅದನ್ನೂ ತಿಳಿದುಕೊಂಡೇ ಬನ್ನಿ.

ಲಾಳ ಹೊಡೆಯೋರದ್ದು ಬೇರೆಯೇ ಕಸುಬು. ಗೊರಸು ನಮ್ಮ ಉಗುರಿನ ಹಾಗೆ ಬೆಳೀತಾನೇ ಇರುತ್ತೆ. 5-6 ವಾರಕ್ಕೊಮ್ಮೆ ಕತ್ತರಿಸಿ, ಉಜ್ಜಿ, ಮತ್ತೆ ಲಾಳ ಕೂರಿಸಬೇಕು. ಮೊಳೆ ಕೂದಲೆಳೆಯಷ್ಟು ಒಳಗೆ ಸರಿದರೂ ಜೀವಕ್ಕೆ ನೋವು.

ವೈದ್ಯರಾಗೋ ಆಸೆಯಾ? ಪಿಯುಸಿಯಲ್ಲಿ ಜೀವಶಾಸ್ತ್ರ ಬಿಡಬೇಡಿ. ಪಶುವೈದ್ಯ ಪದವಿಗೆ ಐದೂವರೆ ವರ್ಷ, ಹಾಸನದಲ್ಲೇ ಕಾಲೇಜಿದೆ. ಸಮವಸ್ತ್ರ ಇಷ್ಟವಾದರೆ ಪೊಲೀಸ್ ಅಶ್ವಾರೋಹಿ ದಳ ನಮ್ಮೂರಲ್ಲೇ ಇದೆ. ಸೇನೆಯಲ್ಲಿ ರಿಮೌಂಟ್ ವೆಟರ್ನರಿ ಕೋರ್ ಇದೆ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಕುದುರೆ ಏರಿ ನುಗ್ಗಿದವರಲ್ಲಿ ನಮ್ಮ ಅಶ್ವದಳ ಮೈಸೂರು ಲ್ಯಾನ್ಸರ್ಸ್ ಕೂಡ ಇತ್ತು, ನೆನಪಿರಲಿ.

ಈ ರಜೆಯಲ್ಲಿ ಒಂದು ಲಾಯಕ್ಕೆ ಅನುಮತಿ ಕೇಳಿ ಹೋಗಿ, ಲದ್ದಿ ಎತ್ತೋದರಿಂದಲೇ ಶುರು ಮಾಡಿ. ಕುದುರೆಯ ಹತ್ತಿರ ಹಿಂದಿನಿಂದ ಮಾತ್ರ ಹೋಗಬೇಡಿ. ಭುಜದ ಪಕ್ಕದಿಂದ, ಮಾತಾಡಿಸುತ್ತಾ ಹೋಗಿ.